ಬೇರೆ ದೇಶದವರ ಜೊತೆ ಮನೆ ಅಡುಗೆ ಕೊಟ್ಟು ತಗೊಳ್ಳೋದು: ಹೇಗೆ ಬರೆದು ಕೊಡ್ತೀರಿ, ಏನೇನು ಕಲಿತಿರಿ?

ರಾಗಿಕಣಜ (ತುಮಕೂರು ಕಡೆ, ಈಗ ಜರ್ಮನಿ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಫೋಲ್ಕ್ಸ್‌ಹೋಖ್‌ಶೂಲೆ ಅಂತ ಹೆಚ್ಚುಕಡಿಮೆ ಎಲ್ಲ ಊರಲ್ಲೂ ದೊಡ್ಡವರು ಕಲಿಯುವ ಶಾಲೆ ಇರುತ್ತೆ. ನಾನು ಅಲ್ಲಿ ಜರ್ಮನ್ ಕಲೀತಿದೀನಿ. ನಮ್ಮ ತರಗತಿಯಲ್ಲಿ ಇಥಿಯೋಪಿಯಾ, ಸಿರಿಯಾ, ಉಕ್ರೇನ್, ಪೋಲೆಂಡ್‌ನವರು ಇದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಜರ್ಮನ್ ಎಲ್ಲರಿಗೂ ಹೊಸದು. ಹಾಗಿದ್ದೂ ಬಿಡುವಿನಲ್ಲಿ ಡಬ್ಬಿ ತೆಗೆದ ಕೂಡಲೇ ಮಾತು ಶುರುವಾಗುತ್ತೆ, "ಇದು ಹೇಗೆ ಮಾಡಿದೆ?" ಅಂತ. ಈಗ ನಾವೆಲ್ಲ ಒಬ್ಬೊಬ್ಬರೂ ಮನೆಯ ಒಂದು ಅಡುಗೆ ಬರೆದು ಹಂಚಿಕೊಳ್ಳೋ ಪದ್ಧತಿ ಇಟ್ಕೊಂಡಿದೀವಿ.

ನಾನು ಕೊಟ್ಟಿದ್ದು ರಾಗಿ ಮುದ್ದೆ, ಬಸ್ಸಾರು. ಇಥಿಯೋಪಿಯಾದ ಅಕ್ಕ ನನ್ನ ಮುದ್ದೆ ಫೋಟೋ ನೋಡಿ, ಇದು ನಮ್ಮಲ್ಲೂ ಇದೆಯಲ್ಲ ಅಂದ್ರು. ಅವರದ್ದು ಗೆನ್ಫೋ. ಹೆಚ್ಚಾಗಿ ಹುರಿದ ಬಾರ್ಲಿ ಹಿಟ್ಟಲ್ಲಿ ಮಾಡ್ತಾರೆ. ಕುದಿಯುವ ನೀರಿಗೆ ಹಿಟ್ಟು ಹಾಕಿ, ದಪ್ಪ ಕೋಲಲ್ಲಿ ಬಲವಾಗಿ ತಿರುವಿ, ತಟ್ಟೆಗೆ ಗುಡ್ಡೆ ಹಾಕಿ, ನಡುವೆ ಗುಂಡಿ ಮಾಡಿ, ಅದಕ್ಕೆ ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಮತ್ತು ಬೆರ್ಬೆರೆ ಅನ್ನೋ ಖಾರದ ಪುಡಿ. ಬಾಣಂತಿಗೆ ತಪ್ಪದೆ ಕೊಡ್ತಾರಂತೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಅಲ್ಲಿಂದ ನಮ್ಮ ಕಡೆ ಬಂದು ಸಾವಿರಾರು ವರ್ಷ ಆಗಿದೆ. ಅವರ ಊರಲ್ಲಿ ಇಂದಿಗೂ ರಾಗಿ ಬೆಳೀತಾರೆ, ದಾಗುಸ್ಸಾ ಅಂತಾರೆ. ನಮ್ಮ ಮನೆಯ ಅನ್ನ ಅಂತ ನಾನು ತೋರಿಸಿದ್ದು ಅವರ ನೆಲದ ಧಾನ್ಯ!

ನನ್ನ ಅನುಭವದಲ್ಲಿ ಗಟ್ಟಿಯಾದ ಮಾತು ಒಂದೇ. ಅಳತೆ ಕೊಟ್ಟರೆ ಅರ್ಧ ಅಡುಗೆ ಕೊಟ್ಟ ಹಾಗೆ, ಹದ ಹೇಳಿದ್ರೆ ಮಾತ್ರ ಪೂರ್ತಿ ಕೊಟ್ಟ ಹಾಗೆ. "ಒಂದು ಲೋಟ ಹಿಟ್ಟು, ಎರಡು ಲೋಟ ನೀರು" ಅಂತ ಬರೆದರೆ ಮುದ್ದೆ ಆಗಲ್ಲ. ನಾನು ಬರೆದದ್ದು ಹೀಗೆ: ಮೊದಲು ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿ. ನೀರು ತೆಳು ಅಂಬಲಿ ಹಾಗೆ ಉಕ್ಕಿ ಬಂದಾಗ ಉಳಿದ ಹಿಟ್ಟು ನಡುವೆ ಗುಡ್ಡೆಯಾಗಿ ಸುರೀರಿ, ಕಲಕಬೇಡಿ. ಕೋಲಿಂದ ಗುಡ್ಡೆ ನಡುವೆ ತೂತು ಮಾಡಿ, ಆ ತೂತಿಂದ ನೀರು ಗುಳುಗುಳು ಅಂತ ಮೇಲೆ ಬರ್ತಾ ಇರಲಿ. ಹಿಟ್ಟಿನ ಬಣ್ಣ ಗಾಢವಾಗಿ, ಹಸಿ ವಾಸನೆ ಹೋಗಿ ಮಣ್ಣಿನ ಘಮ ಬಂದ ಮೇಲೆ ಗಂಟಿಲ್ಲದ ಹಾಗೆ ತಿರುವಿ. ಒದ್ದೆ ಬೆರಳಿಂದ ಮುಟ್ಟಿದ್ರೆ ಅಂಟಬಾರದು, ಅಂಟಿದ್ರೆ ಇನ್ನೂ ಬೆಂದಿಲ್ಲ. ಇಷ್ಟು ಬರೆದ ಮೇಲೆ ಇಥಿಯೋಪಿಯಾದ ಅಕ್ಕ ಅವರ ಮನೆಯಲ್ಲಿ ಮಾಡಿ ಕಳಿಸಿದ ಫೋಟೋದಲ್ಲಿ ಮುದ್ದೆ ನಮ್ಮಮ್ಮ ಕಟ್ಟಿದಷ್ಟೇ ನುಣುಪಾಗಿತ್ತು.

ಇಲ್ಲಿ ಇರುವವರು ಬೇರೆ ಬೇರೆ ದೇಶದಲ್ಲಿ ಇದೀರಿ. ನೀವು ಹೇಗೆ ಬರೆದು ಕೊಡ್ತೀರಿ? ನಿಮಗೆ ಏನು ಸಿಕ್ತು? ಸಾಮಾನು ಸಿಗದೆ ಇದ್ದಾಗ ಏನು ಬದಲಿ ಹೇಳ್ತೀರಿ? ದಯವಿಟ್ಟು ವಿವರವಾಗಿ ಬರೀರಿ.

---

ಪಾವುಸೇರು (ಮೆಲ್ಬರ್ನ್)

ಹದದ ಮಾತು ಒಪ್ಪಿದೆ. ಆದ್ರೆ ಅಳತೆಯನ್ನ ಅಷ್ಟು ಸುಲಭಕ್ಕೆ ಬಿಡಬೇಡಿ. ಕಪ್ಪು, ಚಮಚ ಅನ್ನೋದು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕಪ್ಪು ಸುಮಾರು 237 ಮಿಲಿ. ಇಲ್ಲಿ ಆಸ್ಟ್ರೇಲಿಯಾದಲ್ಲಿ 250. ಜಪಾನಿನ ಅಡುಗೆ ಕಪ್ಪು 200, ಅವರ ಅಕ್ಕಿ ಅಳೆಯೋ ಕಪ್ಪು ಮತ್ತೆ ಬೇರೆ, ಅದು 180. ರೈಸ್ ಕುಕ್ಕರ್ ಜೊತೆ ಬರೋ ಸಣ್ಣ ಪ್ಲಾಸ್ಟಿಕ್ ಕಪ್ಪು ಅದೇನೇ. ಟೇಬಲ್ ಚಮಚ ಬೇರೆ ದೇಶಗಳಲ್ಲಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ನಾಲ್ಕು ಚಮಚ ಖಾರದ ಪುಡಿ ಅಂತ ನೀವು ಬರೆದದ್ದನ್ನ ಇಲ್ಲಿನವರು ಅವರ ಚಮಚದಲ್ಲಿ ಹಾಕಿದ್ರೆ ಒಂದು ಚಮಚಕ್ಕಿಂತ ಜಾಸ್ತಿಯೇ ಹೆಚ್ಚಿಗೆ ಬಿದ್ದಿರುತ್ತೆ.

ಅದಕ್ಕೆ ಗ್ರಾಂ ಬರೀರಿ. ಅಡುಗೆಮನೆ ತಕ್ಕಡಿ ಅಂಥ ದುಬಾರಿ ಏನಲ್ಲ. "ನಿಂಬೆಗಾತ್ರದ ಹುಣಸೆ" ಅಂತ ಹೇಳಿ ರೂಢಿ ಆಗಿರೋದ್ರಿಂದ ನಾನು ಈಗ ಮಾಡೋದು ಇಷ್ಟೇ: ಎಂದಿನ ಹಾಗೆ ಕೈಯಲ್ಲೇ ತಗೊಂಡು, ಪಾತ್ರೆಗೆ ಹಾಕೋ ಮುಂಚೆ ತಕ್ಕಡಿ ಮೇಲೆ ಇಟ್ಟು ಬರೆದುಕೊಳ್ತೀನಿ. ಕೈಯಳತೆಯೂ ಉಳೀತು, ಅಂಕಿಯೂ ಸಿಕ್ತು. ಹುಣಸೆ ಅಂದಾಗ ಹಣ್ಣೋ, ಬಾಟ್ಲಿಯಲ್ಲಿ ಬರೋ ಗಟ್ಟಿ ರಸವೋ ಅಂತಲೂ ಬರೀಬೇಕು. ಹುಳಿ ತುಂಬಾ ವ್ಯತ್ಯಾಸ ಆಗುತ್ತೆ.

---

ಬಿಳಿಜೋಳ (ಧಾರವಾಡ)

ನಮಸ್ಕಾರ್ರಿ. ನನ್ನ ಮಗಳು ಟೆಕ್ಸಾಸ್‌ನ್ಯಾಗ ಇರ್ತಾಳ. ಆಕಿ ಬಾಜೂ ಮನಿಯಾಕಿ ಮೆಕ್ಸಿಕೋದಾಕಿ. ನಾ ಅಲ್ಲಿ ಹೋದಾಗ ಆಕಿಗೂ ನನಗೂ ಮಾತು ಬರ್ತಿದ್ದಿಲ್ಲ, ಆದ್ರ ಇಬ್ಬರಿಗೂ ರೊಟ್ಟಿ ಬರ್ತಿತ್ತು. ಆಕಿ ತೋರ್ತಿಯಾ, ಅಂದ್ರ ಅವರ ಗೊಂಜಾಳದ (ಮೆಕ್ಕೆಜೋಳದ) ರೊಟ್ಟಿ, ಒತ್ತೋದು ನಾ ನೋಡಿದೆ, ನಾ ಜೋಳದ ರೊಟ್ಟಿ ಬಡಿಯೋದು ಆಕಿ ನೋಡಿದ್ಲು. ನೋಡಿ ಕಲಿಯೋದರ ಮುಂದ ಬರಹ ಏನೂ ಅಲ್ರಿ.

ಒಂದು ಮಾತು ಎಲ್ಲಾರಿಗೂ ಉಪಯೋಗ ಆಗತೈತಿ. ನಮ್ಮ ಗೊಂಜಾಳದ ಹಿಟ್ಟಿನಾಗ ತೋರ್ತಿಯಾ ಮಾಡಾಕ ಹೋದ್ರ ಅಂಚು ಒಡಿತಾವ, ಮಡಚಾಕ ಬರೂದಿಲ್ಲ. ಅವರು ಗೊಂಜಾಳ ಕಾಳನ್ನ ಸುಣ್ಣದ ನೀರಾಗ ಕುದಿಸಿ ರಾತ್ರಿ ಪೂರಾ ಅದರಾಗ ಬಿಡ್ತಾರ. ಮುಂಜಾನೆ ಕೈಯಾಗ ತಿಕ್ಕಿದ್ರ ಸಿಪ್ಪಿ ಜಾರಿ ಬರತೈತಿ. ಆಮ್ಯಾಲೆ ಚಲೋತಂಗ ತೊಳದು ಹಸೀದ ಅರೀತಾರ. ಸುಣ್ಣ ಸಿಪ್ಪಿಯನ್ನ ಮೆತ್ತಗ ಮಾಡತೈತಿ, ಅದರಿಂದನ ಹಿಟ್ಟು ಹಿಡಕೊಳ್ಳತೈತಿ. ಮತ್ತ ಗೊಂಜಾಳದಾಗಿನ ನಿಯಾಸಿನ್ ಅನ್ನೋ ಜೀವಸತ್ವ ಮೈಗೆ ಹತ್ತೋದೂ ಆ ಸುಣ್ಣದಿಂದನ. ಅಮೆರಿಕಾ ಖಂಡದಿಂದ ಗೊಂಜಾಳ ಒಯ್ದ ಯುರೋಪಿನವರು ಈ ಸುಣ್ಣದ ವಿದ್ಯಾ ಒಯ್ಯಲಿಲ್ಲ. ಬರೇ ಗೊಂಜಾಳದ ಮ್ಯಾಲೆ ಬದುಕಿದ ಬಡವರಿಗೆ ಇಟಲಿ ಕಡೆ ಪೆಲಾಗ್ರಾ ಅನ್ನೋ ಚರ್ಮದ ರೋಗ ಬಂತು. ಕಾಳು ಒಯ್ದು ಮಾಡೋ ರೀತಿ ಬಿಟ್ಟು ಬಂದ್ರ ಏನಾಗತೈತಿ ಅಂತ ಇದಕ್ಕಿಂತ ದೊಡ್ಡ ಸಾಕ್ಷಿ ನನಗ ಗೊತ್ತಿಲ್ರಿ. ಯಾರರೆ ಮಾಡಾಕ ಕುಂತ್ರ ಎಲಿ ಅಡಕಿಗೆ ಹಚ್ಚೋ ತಿನ್ನೋ ಸುಣ್ಣ ಬೇಕು, ಗ್ವಾಡಿಗೆ ಬಳಿಯೋದಲ್ಲ.

ನಮ್ಮ ಜೋಳಕ್ಕ ಸುಣ್ಣ ಬ್ಯಾಡ, ಕುದಿಯೋ ನೀರು ಬೇಕು. ಗೋಧಿಯಾಗಿನ ಜಿಗಿ ಜೋಳದಾಗ ಇಲ್ಲ. ಸುಡು ನೀರು ಬಿದ್ದಾಗ ಹಿಟ್ಟಿನಾಗಿನ ಪಿಷ್ಟ ಬೆಂದು ಅಂಟಾಗತೈತಿ. ಇದನ್ನ ಆಕಿಗೆ ತೋರಿಸಿದ ಮ್ಯಾಲೆ ಆಕಿ ಬಡದ ರೊಟ್ಟಿ ಹೆಂಚಿನ ಮ್ಯಾಲೆ ಉಬ್ಬಿತ್ರಿ. ತೋರ್ತಿಯಾ ಕೈ ಆಕಿದು, ತಟ್ಟೋ ಲಯ ಮೊದಲ ಇತ್ತು.

ಇನ್ನ ಖಾರ. ನಾ ಶೇಂಗಾ ಚಟ್ನಿಪುಡಿ ಕೊಟ್ಟೆ. ಆಕಿ ಕೊಟ್ಟಿದ್ದು ಸಾಲ್ಸಾ ಮಾಚಾ: ಶೇಂಗಾ, ಬಳ್ಳೊಳ್ಳಿ, ಒಣ ಮೆಣಸಿನಕಾಯಿ ಎಣ್ಯಾಗ ಹುರದು ಕುಟ್ಟಿದ್ದು. ಎರಡನ್ನೂ ಒಂದ ತಾಟಿನ್ಯಾಗ ಹಚ್ಚಿ ರೊಟ್ಟಿ ಜೋಡಿ ತಿಂದ್ವಿ. ಮೆಣಸಿನಕಾಯಿ ಅವರ ನೆಲದ್ದು, ಶೇಂಗಾನೂ ದಕ್ಷಿಣ ಅಮೆರಿಕಾದ್ದು. ಹಂಗಾಗಿ ಖಾರ ಕಮ್ಮಿ ಮಾಡಿ ಕೊಡ್ರಿ ಅನ್ನೋ ಮಾತು ನನಗ ಒಪ್ಪಿಗಿಲ್ಲ. ಇದ್ದಂಗ ಕೊಡ್ರಿ.

---

ಒಗ್ಗರಣೆಸೌಟು (ಡಬ್ಲಿನ್, ಆಹಾರ ಸಲಹೆಗಾರ್ತಿ)

ಬಿಳಿಜೋಳ ಅವರೆ, ಸುಣ್ಣದ ವಿವರ ಬಹಳ ಚೆನ್ನಾಗಿದೆ. ನಾನು ಕೆಲಸದ ಕಡೆಯಿಂದ ಕೆಲವು ಎಚ್ಚರಿಕೆ ಹೇಳಲೇಬೇಕು. ಇದನ್ನು ಯಾರೂ ಹಗುರವಾಗಿ ತಗೋಬೇಡಿ.

ಯುರೋಪಿನ ನಿಯಮದಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ ಅಲರ್ಜಿ ಪದಾರ್ಥಗಳು 14. ಅದರಲ್ಲಿ ಶೇಂಗಾ, ಗೋಡಂಬಿ, ಹಾಲು ಇರೋದು ಎಲ್ಲರಿಗೂ ಗೊತ್ತು. ಸಾಸಿವೆ ಮತ್ತು ಎಳ್ಳು ಕೂಡ ಅದೇ ಪಟ್ಟಿಯಲ್ಲಿವೆ ಅನ್ನೋದು ನಮ್ಮವರಿಗೆ ಹೊಳೆಯುವುದಿಲ್ಲ. ಒಗ್ಗರಣೆಯನ್ನು ನಾವು ಅಡುಗೆಯ ಸಾಮಾನು ಅಂತ ಬರೆಯುವುದೇ ಇಲ್ಲ. ಕೊನೆಗೆ "ಒಗ್ಗರಣೆ ಕೊಡಿ" ಅಂತ ಒಂದು ಸಾಲು ಬರೆದು ಮುಗಿಸುತ್ತೇವೆ. ಕೋಸಂಬರಿಯಂಥ ಸಾಧು ಪದಾರ್ಥದಲ್ಲೂ ಸಾಸಿವೆ ಇರುತ್ತದೆ. ಅದನ್ನು ಸಾಮಾನಿನ ಪಟ್ಟಿಯ ಮೇಲ್ಗಡೆಯೇ ಬರೆಯಿರಿ. ಇಂಗು ಇನ್ನೊಂದು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಬಹಳಷ್ಟು ಕಡೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸೀಲಿಯಾಕ್ ಕಾಯಿಲೆ (ಗೋಧಿಯ ಜಿಗಿ ಮೈಗೆ ಆಗದ ಕಾಯಿಲೆ) ಇರುವವರಿಗೆ "ಸಾರು ಅನ್ನ, ಗೋಧಿ ಇಲ್ಲ, ಧಾರಾಳವಾಗಿ ತಿನ್ನಿ" ಅಂತ ಹೇಳುವ ಮೊದಲು ಡಬ್ಬಿಯ ಚೀಟಿ ಓದಬೇಕು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ.

ನಾವು ತಗೊಳ್ಳುವಾಗಲೂ ಅಷ್ಟೇ. ಸಸ್ಯಾಹಾರಿಗಳು ಕೇಳಿ ತಿಳಿಯಬೇಕಾದವು ಕೆಲವು ಇವೆ. ಇಟಲಿಯ ಪಾರ್ಮಿಜಾನೋ ರೆಜ್ಜಾನೋ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕೊರಿಯಾದ ಕಿಮ್ಚಿ ಅನ್ನುವ ಹುದುಗಿಸಿದ ಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಮೀನಿನ ಅಥವಾ ಸಿಗಡಿಯ ಉಪ್ಪುರಸ ಇರುತ್ತದೆ. ಜಪಾನಿನ ಮಿಸೋ ಹುದುಗಿಸಿದ ಸೋಯಾ ಮುದ್ದೆಯೇ ಆದರೂ ಮಿಸೋ ಸೂಪಿನ ಕಟ್ಟು ಒಣ ಮೀನಿನದ್ದಾಗಿರುವುದೇ ಹೆಚ್ಚು. "ಇದು ವೆಜ್ಜಾ?" ಅಂತ ಕೇಳಿದರೆ ಮಾಂಸದ ತುಂಡು ಇಲ್ಲ ಅನ್ನುವ ಅರ್ಥದಲ್ಲಿ ಹೌದು ಅಂತಾರೆ. ಸುಳ್ಳು ಹೇಳಿದ್ದಲ್ಲ, ಅವರ ಮನೆಯಲ್ಲಿ ಮೀನಿನ ರಸ ಉಪ್ಪಿದ್ದ ಹಾಗೆ. ಹಾಗಾಗಿ ಒಂದೊಂದೇ ಸಾಮಾನಿನ ಹೆಸರು ಹಿಡಿದು ಕೇಳಿ.

ಕೆಂಪು ರಾಜ್ಮಾ ಕಾಳಿನ ಅಡುಗೆ ಬರೆದು ಕೊಡುವಾಗ ನಾವು ಕುಕ್ಕರ್ ಸೀಟಿ ಲೆಕ್ಕ ಹೇಳುತ್ತೇವೆ. ಅವರಲ್ಲಿ ಕುಕ್ಕರ್ ಇರುವುದಿಲ್ಲ, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯುವ ಸ್ಲೋ ಕುಕ್ಕರ್ ಇರುತ್ತದೆ. ಅರೆಬೆಂದ ರಾಜ್ಮಾದಲ್ಲಿ ವಾಂತಿ ಭೇದಿ ತರುವ ವಿಷ ಇದೆ. ಸ್ಲೋ ಕುಕ್ಕರಿನ ಬಿಸಿಗೆ ಅದು ಸಾಯುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಜೋರಾಗಿ ಕುದಿಸಬೇಕು ಅಂತ ಬರೆಯಲೇಬೇಕು. ಮರಗೆಣಸಿನ ಅಡುಗೆ ಸಿಕ್ಕರೆ ಅದು ಕಹಿ ಜಾತಿಯೋ ಸಿಹಿ ಜಾತಿಯೋ, ಎಷ್ಟು ನೆನೆಸುತ್ತಾರೆ ಅಂತ ಕೇಳಿಕೊಳ್ಳಿ. ಕಹಿ ಜಾತಿಯಲ್ಲಿ ಸಯನೈಡ್ ಬಿಡುವ ಅಂಶ ಹೆಚ್ಚು.

---

ಕೆಸುವಿನೆಲೆ (ಉಡುಪಿ ಕಡೆ, ಈಗ ದುಬೈ)

ಒಳ್ಳೆ ಚರ್ಚೆ ಮಾರಾಯ್ರೆ. ಎಚ್ಚರಿಕೆ ಮಾತು ಬಂದದ್ದಕ್ಕೆ ಮೊದಲು ಇದನ್ನು ಹೇಳಿಬಿಡ್ತೇನೆ. ಗಲ್ಫಿಗೆ ಬರುವವರು ಗಸಗಸೆ ತರಲೇಬೇಡಿ. ಯುಎಇ, ಸೌದಿಯಲ್ಲಿ ಗಸಗಸೆಗೆ ನಿಷೇಧ ಉಂಟು, ಸಿಂಗಾಪುರದಲ್ಲಿ ಸಹ ಕಟ್ಟುನಿಟ್ಟು. ಅಫೀಮಿನ ಗಿಡದ ಬೀಜ ಅದು. ಮನೆಯಿಂದ ಕಟ್ಟಿಕೊಟ್ಟ ಮಸಾಲೆ ಪುಡಿಯಲ್ಲಿ ಇದ್ದರೂ ಕೇಸ್ ಆಗ್ತದೆ. ಇಲ್ಲಿರುವ ಗೆಳತಿಯರಿಗೆ ನೀವು ಕುರ್ಮಾ ಬರೆದು ಕೊಟ್ಟರೆ ಗಸಗಸೆ ಜಾಗದಲ್ಲಿ ಗೋಡಂಬಿ ಅಥವಾ ಬಿಳಿ ಎಳ್ಳು ಅಂತ ಬರೆದುಬಿಡಿ.

ಇನ್ನು ನನ್ನ ಕಥೆ. ನಾನು ಕೆಲಸ ಮಾಡುವಲ್ಲಿ ಫಿಲಿಪ್ಪೀನ್ಸಿನವರು ತುಂಬಾ ಜನ. ಅದರಲ್ಲಿ ಒಬ್ಬರು ಬಿಕೋಲ್ ಕಡೆಯವರು. ಅವರ ಊರಿನ ಲೈಂಗ್ ಅಂತ ಒಂದು ಪದಾರ್ಥ, ಒಣಗಿಸಿದ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಹಸಿಮೆಣಸು ಹಾಕಿ ಬೇಯಿಸುವುದು. ಡಬ್ಬಿ ತೆಗೆದಾಗ ವಾಸನೆಯಲ್ಲೇ ಗೊತ್ತಾಯ್ತು ಕೆಸು ಅಂತ. ನಾನು ಪತ್ರೊಡೆ ತಂದುಕೊಟ್ಟೆ. ಅವರ ಮೊದಲ ಪ್ರಶ್ನೆಯೇ "ಗಂಟಲು ತುರಿಸುವುದಿಲ್ವಾ?" ಅಂತ. ಕೆಸು ತಿನ್ನುವ ಊರಿನವರಿಗೆ ಮಾತ್ರ ಬರುವ ಪ್ರಶ್ನೆ ಅದು. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳು ಇರ್ತದೆ, ಅದೇ ಚುಚ್ಚುವುದು. ನಾವು ಅಕ್ಕಿ ಮಸಾಲೆ ಅರೆಯುವಾಗ ಹುಣಸೆಹುಳಿ ಚೆನ್ನಾಗಿ ಹಾಕ್ತೇವೆ, ಮತ್ತೆ ಸುರುಳಿ ಸುತ್ತಿ ಹಬೆಯಲ್ಲಿ ತುಂಬಾ ಹೊತ್ತು ಬೇಯಿಸ್ತೇವೆ. ಅವರು ಎಲೆ ಒಣಗಿಸ್ತಾರೆ, ಮತ್ತೆ ಎಲೆ ಹಾಲು ಕುಡಿಯುವವರೆಗೆ ಸೌಟು ಹಾಕಿ ಕಲಕುವುದೇ ಇಲ್ಲ, ಕಲಕಿದರೆ ತುರಿಸ್ತದೆ ಅಂತ ಅವರ ಅಜ್ಜಿಯಂದಿರ ಮಾತು. ನಾನು ಈಗ ಅವರು ಹಾಕುವ ಸಿಗಡಿ ಬಿಟ್ಟು ತೆಂಗಿನ ಹಾಲಿನ ಲೈಂಗ್ ಮಾಡ್ತೇನೆ, ಒಂದು ತುಂಡು ಹುಣಸೆ ಸೇರಿಸಿ. ಅವರು ಪತ್ರೊಡೆಯ ಹೋಳನ್ನು ಎಣ್ಣೆಯಲ್ಲಿ ಕಾಯಿಸಿ ತಿಂಡಿಗೆ ತರ್ತಾರೆ.

ದುಬೈಯಲ್ಲಿ ಕೆಸುವಿನ ಎಲೆ ಯಾವ ಅಂಗಡಿಯಲ್ಲಿ ಸಿಗ್ತದೆ ಅಂತ ನನಗೆ ಹೇಳಿಕೊಟ್ಟದ್ದು ಕೂಡ ಅವರೇ.

---

ದೊಡ್ಡಪತ್ರೆ (ಶಿರಸಿ)

ಗಿಡಮೂಲಿಕೆ ಹೆಸರು ಹೇಳುವಾಗ ಫೋಟೋ ಕಳಿಸಿ, ಇಲ್ಲದಿದ್ದರೆ ಶಾಸ್ತ್ರೀಯ ಹೆಸರು ಬರೆಯಿರಿ. ನಮ್ಮ ದೊಡ್ಡಪತ್ರೆ ತಂಬುಳಿ ಬಗ್ಗೆ ವಿಯೆಟ್ನಾಮಿನ ಗೆಳತಿಗೆ ಎಷ್ಟು ಹೇಳಿದರೂ ಗೊತ್ತಾಗಲಿಲ್ಲ. ಎಲೆಯ ಫೋಟೋ ಹೋದ ಕೂಡಲೇ ಅವಳ ಹಿತ್ತಲಿನ ಗಿಡದ ಫೋಟೋ ಬಂತು. ಅಲ್ಲಿ ಅದು ಹುಂಗ್ ಚಾನ್. ಮಕ್ಕಳಿಗೆ ಕೆಮ್ಮು ಬಂದರೆ ಕಲ್ಲುಸಕ್ಕರೆ ಅಥವಾ ಜೇನು ಸೇರಿಸಿ ಹಬೆಯಲ್ಲಿಟ್ಟು ರಸ ಕುಡಿಸುತ್ತಾರೆ. ನಮ್ಮ ಅಮ್ಮನೂ ಎಲೆ ಬಾಡಿಸಿ ರಸ ಹಿಂಡಿ ಜೇನು ಹಾಕಿ ಕೊಡುತ್ತಿದ್ದರು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಬೇಡ. ಮಜ್ಜಿಗೆ ಹಾಕಿ ತಂಬುಳಿ ಮಾಡುವುದು ಅವಳಿಗೆ ಹೊಸದು, ಈಗ ಬೇಸಿಗೆಯಲ್ಲಿ ಮಾಡುತ್ತಾಳೆ.

---

ಚಾಮರಾಜಪುರಂ (ಮೈಸೂರು)

ಬಿಳಿಜೋಳ ಅವರು ಹೇಳಿದ್ದಕ್ಕೆ ನನ್ನದು ಬೇರೆ ಅಭಿಪ್ರಾಯ. ಖಾರ ತಿಂದು ಅಭ್ಯಾಸವೇ ಇಲ್ಲದವರಿಗೆ, ಅದರಲ್ಲೂ ಮಕ್ಕಳಿರೋ ಮನೆಗೆ, ಇದ್ದ ಹಾಗೇ ಕೊಟ್ಟರೆ ಒಂದು ತುತ್ತು ತಿಂದು ಬಿಟ್ಟುಬಿಡ್ತಾರೆ. ಮೊದಲು ಅವರಿಗೆ ಹಿಡಿಸೋ ಹಾಗೆ ಮಾಡಿಕೊಟ್ಟು, ಆಮೇಲೆ ನಿಧಾನವಾಗಿ ನಮ್ಮ ರುಚಿಗೆ ತರೋದು ಒಳ್ಳೇದಲ್ವಾ? ನಾನು ನಮ್ಮ ಮನೆಗೆ ಬರೋ ಫ್ರೆಂಚ್ ವಿದ್ಯಾರ್ಥಿಗಳಿಗೆ ಬಿಸಿಬೇಳೆ ಭಾತಲ್ಲಿ ಮೆಣಸಿನಕಾಯಿ ಅರ್ಧ ಮಾಡ್ತೀನಿ. ತುಪ್ಪ ಜಾಸ್ತಿ ಹಾಕ್ತೀನಿ. ತಟ್ಟೆ ಖಾಲಿ ಮಾಡಿ ಹೋಗ್ತಾರೆ.

---

ಬಿಳಿಜೋಳ (ಧಾರವಾಡ)

ಅಕ್ಕಾರ, ತಾಟಿನ್ಯಾಗ ಕಮ್ಮಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಬರದು ಕೊಡೋದರಾಗ ಕಮ್ಮಿ ಮಾಡಬ್ಯಾಡ್ರಿ. ಆ ಹುಡುಗ್ರು ಅವರ ಊರಿಗೆ ಹೋಗಿ ಇದ ಬಿಸಿಬೇಳೆ ಭಾತ್ ಅಂತ ಹತ್ತು ಮಂದಿಗೆ ಹೇಳ್ತಾರ. ಆ ಹತ್ತು ಮಂದಿ ಇನ್ನೂ ಅರ್ಧ ಮಾಡ್ತಾರ. ಕಡೀಕ ಏನು ಉಳೀತು?

---

ರಾಗಿಕಣಜ (ತುಮಕೂರು ಕಡೆ, ಈಗ ಜರ್ಮನಿ)

ಇಬ್ಬರ ಮಾತೂ ನನಗೆ ಮುಖ್ಯ ಅನ್ನಿಸುತ್ತೆ, ಆದ್ರೆ ಬರಹದ ವಿಷಯಕ್ಕೆ ನಾನು ಬಿಳಿಜೋಳ ಅವರ ಕಡೆ. ಮನೆಯಲ್ಲಿ ಮಾಡೋ ಹಾಗೇ ಮೊದಲು ಬರೆದು, ಕೆಳಗೆ "ಖಾರ ಬೇಡದವರು ಹೀಗೆ ಮಾಡಿ" ಅಂತ ಬೇರೆ ಸಾಲು ಸೇರಿಸೋದು ನಾನು ಕಂಡುಕೊಂಡ ದಾರಿ. ಯಾವುದು ಮೂಲ, ಯಾವುದು ಬದಲಾವಣೆ ಅಂತ ಓದಿದವರಿಗೆ ಗೊತ್ತಿರಬೇಕು.

ಖಾರಕ್ಕಿಂತ ಬಣ್ಣದ ತೊಂದರೆ ಜಾಸ್ತಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹತ್ತು ಮೆಣಸಿನಕಾಯಿ ಬರೆದಿದ್ದನ್ನ ಇಲ್ಲಿನ ಯಾವುದೋ ಸಣ್ಣ ಮೆಣಸಿನಕಾಯಿ ಹತ್ತು ಹಾಕಿ ಮಾಡಿದ್ರೆ ಬಾಯಿಗೆ ಇಡೋಕಾಗಲ್ಲ. "ಖಾರ ಅಂದ್ರೆ ಭಾರತದವರ ಹಾಗೆ" ಅಂತ ಮಾತು ಹುಟ್ಟೋದು ಎಷ್ಟೋ ಸಲ ಇಲ್ಲಿಂದಲೇ. ಬ್ಯಾಡಗಿ ಸಿಗದಿದ್ರೆ ಹಂಗೇರಿಯ ಸಿಹಿ ಪಪ್ರಿಕಾ ಪುಡಿ ಬಣ್ಣಕ್ಕೆ, ಬೇಕಾದಷ್ಟೇ ಖಾರದ ಪುಡಿ ಖಾರಕ್ಕೆ. ಕೊರಿಯಾ ಅಂಗಡಿಯ ಗೊಚುಗಾರು ಅನ್ನೋ ಮೆಣಸಿನ ಪುಡಿ ಕೂಡ ಚೆನ್ನಾಗಿ ಹೊಂದುತ್ತೆ.

ಗಸಗಸೆ ವಿಷಯ ಬಂತಲ್ಲ, ಅದರ ಬಗ್ಗೆ ಹೇಳಲೇಬೇಕು. ದುಬೈನಲ್ಲಿ ಜೈಲು, ಇಲ್ಲಿ ಪಕ್ಕದ ಅಂಗಡಿಯಲ್ಲಿ ಕಿಲೋಗಟ್ಟಲೆ! ಪೋಲೆಂಡಿನ ಹುಡುಗಿ ಮಾಕೋವ್ಯೆಟ್ಸ್ ತಂದಿದ್ಲು. ಗಸಗಸೆಗೆ ಕುದಿಯೋ ಹಾಲು ಸುರಿದು ನೆನೆಸಿ, ನುಣ್ಣಗೆ ಅರೆದು, ಜೇನು, ದ್ರಾಕ್ಷಿ ಸೇರಿಸಿ, ಸಿಹಿ ಹಿಟ್ಟಿನ ಹಾಳೆ ಮೇಲೆ ಹರಡಿ ಸುತ್ತಿ ಬೇಯಿಸಿದ್ದು. ಇಲ್ಲಿನ ಗಸಗಸೆ ನೀಲಿ ಮಿಶ್ರಿತ ಬೂದು ಬಣ್ಣ, ನಮ್ಮದು ಬಿಳಿ. ತಳಿ ಬೇರೆ ಅಷ್ಟೇ, ಗಿಡ ಅದೇ. ಇದರಲ್ಲಿ ಪಾಯಸ ಮಾಡಿದ್ರೆ ಬೂದು ಬಣ್ಣ ಬರುತ್ತೆ, ರುಚಿ ಸ್ವಲ್ಪ ಗಾಢ.

ಆಗ ಉಕ್ರೇನಿನ ಅಕ್ಕ ಅವರ ಕುಟ್ಯಾ ಬಗ್ಗೆ ಹೇಳಿದ್ರು. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ಮಾಂಸವಿಲ್ಲದ ಹನ್ನೆರಡು ಬಗೆ, ಅದರಲ್ಲಿ ಮೊದಲು ಬಾಯಿಗೆ ಹೋಗೋದು ಕುಟ್ಯಾ. ಇಡೀ ಗೋಧಿ ನೆನೆಸಿ ಮೆತ್ತಗೆ ಬೇಯಿಸಿ, ಅರೆದ ಗಸಗಸೆ, ಜೇನು, ಅಕ್ರೋಟು ಸೇರಿಸೋದು. ಕೇಳ್ತಾ ಇದ್ದ ಹಾಗೆ ನನಗೆ ಉತ್ತರ ಕರ್ನಾಟಕದ ಗೋಧಿ ಹುಗ್ಗಿ ಕಣ್ಮುಂದೆ ಬಂತು: ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ, ಏಲಕ್ಕಿ. ಬಿಳಿಜೋಳ ಅವರೆ, ಇದನ್ನ ನೀವೇ ವಿವರವಾಗಿ ಬರೆದುಕೊಡ್ಬೇಕು. ಅವರಿಗೆ ತೋರಿಸ್ತೀನಿ.

---

ಬಿಳಿಜೋಳ (ಧಾರವಾಡ)

ಅಯ್ಯ, ಕೇಳಾಕ ಎಷ್ಟು ಚಂದ ಅನಸ್ತು! ಬರ್ಕೋರಿ. ಜವೆ ಗೋಧಿ ಇದ್ರ ಚಲೋ. ನೀರು ಚಿಮುಕಿಸಿ ಒಂದಿಷ್ಟು ಹೊತ್ತು ಬಿಟ್ಟು ಒಳ್ಳಾಗ ಕುಟ್ಟಿ ಮ್ಯಾಲಿನ ಸಿಪ್ಪಿ ತಗೀಬೇಕು. ಅಲ್ಲೇ ಸಿಪ್ಪಿ ತಗದ ಗೋಧಿ ಸಿಗ್ತಿದ್ರ ಅದನ್ನ ತಗೋರಿ. ರಾತ್ರಿ ನೆನೆಹಾಕಿ, ಮುಂಜಾನೆ ಬೇಯಿಸ್ರಿ. ಕಾಳು ಬೆರಳಾಗ ಹಿಚಕಿದ್ರ ಪೂರಾ ಹಿಟ್ಟಾಗಬೇಕು, ಆಮ್ಯಾಲೆನ ಬೆಲ್ಲ. ಗಡಬಡಿ ಮಾಡಿ ಮೊದಲ ಬೆಲ್ಲ ಹಾಕಿದ್ರ ಗೋಧಿ ಬಿರುಸ ಉಳೀತಾವ, ಎಷ್ಟು ಕುದಿಸಿದ್ರೂ ಮೆತ್ತಗ ಆಗೂದಿಲ್ಲ. ಬೆಲ್ಲ ಕರಗಿ ಮತ್ತ ಗಟ್ಟಿ ಆದ ಮ್ಯಾಲೆ ಹುರದ ಗಸಗಸಿ, ಒಣ ಕೊಬ್ಬರಿ ತುರಿ, ಯಾಲಕ್ಕಿ, ಜಾಜಿಕಾಯಿ. ಉಣ್ಣುವಾಗ ಮ್ಯಾಲೆ ತುಪ್ಪ, ಬೇಕಾದವರು ಹಾಲು. ಜೇನು ಹಾಕೋರು ಬೆಲ್ಲದಂಗ ಕುದಿಸಬ್ಯಾಡ್ರಿ, ಇಳಿಸಿದ ಮ್ಯಾಲೆ ಹಾಕ್ರಿ.

ಆ ಅಕ್ಕಾರಿಗೆ ನನ್ನ ಕಡಿಂದ ಕೇಳ್ರಿ, ಅವರು ಗಸಗಸಿ ಎದರಾಗ ಅರೀತಾರ ಅಂತ. ಮಿಕ್ಸ್ಯಾಗ ನಮಗ ಯಾವತ್ತೂ ನುಣ್ಣಗಾಗಿಲ್ಲ.

---

ರಾಗಿಕಣಜ (ತುಮಕೂರು ಕಡೆ, ಈಗ ಜರ್ಮನಿ)

ಕೇಳಿದೆ. ಒಳಗೋಡೆಗೆ ಗೆರೆ ಕೊರೆದ ಮಣ್ಣಿನ ಅಗಲ ಪಾತ್ರೆ ಇರುತ್ತಂತೆ, ಮಕೀತ್ರಾ ಅಂತ. ಅದರಲ್ಲಿ ನೆನೆಸಿದ ಗಸಗಸೆ ಹಾಕಿ ಮರದ ಒನಕೆಯಿಂದ ಸುತ್ತಿ ಸುತ್ತಿ ಉಜ್ಜುತ್ತಾರೆ. ಬಿಳಿ ಹಾಲು ಬಿಡೋವರೆಗೆ ಅರೀಬೇಕು, ಅದೇ ಹದ. ಅದಿಲ್ಲದವರು ಮಾಂಸ ಅರೆಯೋ ಯಂತ್ರದ ಸಣ್ಣ ತೂತಲ್ಲಿ ಎರಡು ಮೂರು ಸಲ ಹಾಕ್ತಾರಂತೆ. 2023ರಿಂದ ಉಕ್ರೇನಿನಲ್ಲಿ ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಬಂದಿದೆ, ಮುಂಚೆ ಜನವರಿ 7. ಈ ಸಲ ಡಿಸೆಂಬರ್ 24ರ ಸಂಜೆ ಅವರ ಮನೆಗೆ ಹುಗ್ಗಿ ಮಾಡಿಕೊಂಡು ಹೋಗ್ತೀನಿ. ಆವತ್ತಿನ ಊಟದಲ್ಲಿ ಅವರು ಹಾಲು, ಬೆಣ್ಣೆನೂ ಬಿಡ್ತಾರೆ, ಹಾಗಾಗಿ ತುಪ್ಪ ಹಾಕಲ್ಲ.

ಸಿರಿಯಾದವರಿಂದ ಸಿಕ್ಕಿದ್ದು ಮಕ್ದೂಸ್. ಸಣ್ಣ ಬದನೆಕಾಯಿ ಬೇಯಿಸಿ, ಸೀಳಿ ಉಪ್ಪು ತುಂಬಿ, ಭಾರ ಹೇರಿ ನೀರೆಲ್ಲ ಬಸಿದು, ಅಕ್ರೋಟು, ಕೆಂಪು ಮೆಣಸು, ಬೆಳ್ಳುಳ್ಳಿ ತುಂಬಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿ ಇಡೋದು. ಎಣ್ಣೆಗಾಯಿ ತಿಂದವರಿಗೆ ಕೂಡಲೇ ಹಿಡಿಸುತ್ತೆ.

---

ಒಗ್ಗರಣೆಸೌಟು (ಡಬ್ಲಿನ್, ಆಹಾರ ಸಲಹೆಗಾರ್ತಿ)

ಮಕ್ದೂಸ್ ಬಗ್ಗೆ ಒಂದೇ ಮಾತು. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿ ಗಾಳಿಯಿಲ್ಲದೆ ಕೂತರೆ ಪ್ರಾಣಕ್ಕೇ ಕುತ್ತು ತರುವ ವಿಷ ಬಿಡುವ ಬೊಟುಲಿಸಂ ರೋಗಾಣುವಿಗೆ ಒಳ್ಳೆ ಜಾಗ ಆಗುತ್ತದೆ. ಅದು ವಾಸನೆಯಲ್ಲಿ, ರುಚಿಯಲ್ಲಿ ಗೊತ್ತಾಗುವುದಿಲ್ಲ. ತಲೆಮಾರುಗಳಿಂದ ಮಾಡಿದವರ ಕೈಗೆ ಉಪ್ಪು, ಹುಳಿ, ಭಾರದ ಅಂದಾಜು ಗೊತ್ತಿರುತ್ತದೆ. ಹೊಸದಾಗಿ ಮಾಡುವವರು ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ. ಮೇಲಿನ ಸಾಲ್ಸಾ ಮಾಚಾಕ್ಕೂ ಇದೇ ಮಾತು.

---

ಅವಲಕ್ಕಿಬುಟ್ಟಿ (ಎಡ್ಮಂಟನ್)

ನನ್ನದು ಚಿಕ್ಕ ಪ್ರಶ್ನೆ. ಇಲ್ಲಿನ ಗೆಳತಿಗೆ ದೋಸೆ ಹಿಟ್ಟು ಬರೆದು ಕೊಟ್ಟೆ, ಅವಳ ಮನೆಯಲ್ಲಿ ಚಳಿಗಾಲದಲ್ಲಿ ಹಿಟ್ಟು ಹುದುಗೇ ಬರಲ್ಲ. "ರಾತ್ರಿ ಪೂರ್ತಿ ಬಿಡಿ" ಅಂತ ಬರೆದಿದ್ದೆ. ಹೇಗೆ ಬರೆದರೆ ಸರಿ?

---

ಪಾವುಸೇರು (ಮೆಲ್ಬರ್ನ್)

ಗಂಟೆ ಬರೀಬೇಡಿ, ಬಿಸಿ ಬರೀರಿ. ಹಿಟ್ಟು ಹುದುಗಿಸೋ ಬ್ಯಾಕ್ಟೀರಿಯಾ ಉದ್ದಿನಲ್ಲೇ ಇರುತ್ತೆ. ಅದಕ್ಕೆ 28ರಿಂದ 32 ಡಿಗ್ರಿ ಸೆಲ್ಸಿಯಸ್ ಸಿಕ್ಕಿದ್ರೆ ನಮ್ಮ ಬೇಸಿಗೆ ರಾತ್ರಿಯ ಹಾಗೇ ಉಬ್ಬುತ್ತೆ. ಒವನ್ ಹಚ್ಚದೆ ಬರೀ ಒಳಗಿನ ದೀಪ ಹಾಕಿ ಅದರಲ್ಲಿ ಇಡೋಕೆ ಹೇಳಿ. ಗುರುತು ಹೀಗೆ ಬರೀರಿ: ಹಿಟ್ಟು ಒಂದೂವರೆಯಿಂದ ಎರಡು ಪಟ್ಟು ಆಗಿರಬೇಕು, ಸೌಟು ಹಾಕಿದ್ರೆ ಒಳಗೆ ಜೇಡರಬಲೆ ಥರ ಗುಳ್ಳೆ ಕಾಣಬೇಕು, ಹುಳಿ ವಾಸನೆ ಹಿತವಾಗಿರಬೇಕು. ಅಷ್ಟಾಗೋಕೆ ಹದಿನೆಂಟು ಗಂಟೆ ಬೇಕಾದ್ರೂ ಬೇಕಾಗಬಹುದು ಅಂತ ಸೇರಿಸಿ.

---

ಚಾಮರಾಜಪುರಂ (ಮೈಸೂರು)

ಬರೆದು ಕೊಡೋದರ ಬಗ್ಗೆ ನನ್ನ ಮನಸ್ಸು ಬದಲಾಯ್ತು, ಬಿಳಿಜೋಳ ಅವರ ಮಾತು ಸರಿ. ಇನ್ನೊಂದು ವಿಷಯ ಸೇರಿಸ್ತೀನಿ. ಯಾರ ಮನೆಯಿಂದ ಬಂತೋ ಅವರ ಹೆಸರು ಬರೀಬೇಕು. 2022ರಲ್ಲಿ ಉಕ್ರೇನಿನ ಬೋರ್ಷ್ ಅನ್ನೋ ಬೀಟ್‌ರೂಟ್ ಸಾರಿನ ಅಡುಗೆ ಪರಂಪರೆಯನ್ನ ಯುನೆಸ್ಕೋ ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಸೇರಿಸಿತು. ಯುದ್ಧದಿಂದ ಜನ ಊರು ಬಿಟ್ಟರೆ ಬೀಟ್‌ರೂಟ್ ಬೆಳೆದು, ಕೂತು ಸಾರು ಮಾಡೋದೂ ನಿಲ್ಲುತ್ತೆ ಅಂತ. ನಿಮ್ಮ ತರಗತಿಯ ಆ ಅಕ್ಕನ ಕುಟ್ಯಾ ನಮ್ಮ ಪುಸ್ತಕಕ್ಕೆ ಬಂದರೆ "ಗಸಗಸೆ ಗೋಧಿ ಪಾಯಸ" ಅಂತ ಬರೆದುಬಿಡಬಾರದು. ಕುಟ್ಯಾ ಅಂತಲೇ ಬರೆದು, ಯಾವ ಊರು, ಯಾರ ಮನೆ, ಯಾವ ಹಬ್ಬ ಅಂತ ಕೆಳಗೆ ಬರೀಬೇಕು. ನಮ್ಮ ಮುದ್ದೆಗೂ ಅವರು ಹಾಗೇ ಮಾಡಲಿ.

---

ಕೆಸುವಿನೆಲೆ (ಉಡುಪಿ ಕಡೆ, ಈಗ ದುಬೈ)

ಇದು ಸರಿಯಾದ ಮಾತು. ರಾಗಿಕಣಜ ಅವರೆ, ಆ ಗೆನ್ಫೋ ರಾಗಿ ಹಿಟ್ಟಲ್ಲೇ ಮಾಡ್ಲಿಕ್ಕೆ ಆಗ್ತದಾ? ಬಾರ್ಲಿ ಹಿಟ್ಟು ನನಗೆ ಸಿಗುವುದಿಲ್ಲ. ಮತ್ತೆ ಆ ಮಸಾಲೆ ಬೆಣ್ಣೆ ಹೇಗೆ ಮಾಡುವುದು, ಬರೀತೀರಾ?

---

ರಾಗಿಕಣಜ (ತುಮಕೂರು ಕಡೆ, ಈಗ ಜರ್ಮನಿ)

ಆಗುತ್ತೆ, ನಾನು ಆ ಅಕ್ಕನ್ನೇ ಕೇಳಿ ಬರೀತಿದೀನಿ. ಅವರ ಕಡೆ ಬಾರ್ಲಿ, ಗೋಧಿ, ಮೆಕ್ಕೆಜೋಳ, ಮನೆಯಲ್ಲಿ ಇದ್ದದ್ದರಲ್ಲಿ ಮಾಡ್ತಾರೆ. ರಾಗಿ ಹಿಟ್ಟನ್ನ ಮೊದಲು ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಹುರಿದುಕೊಳ್ಳಿ. ಆಮೇಲೆ ಮುದ್ದೆ ಹಾಗೇ ಮಾಡಿ, ಸ್ವಲ್ಪ ಮೆತ್ತಗಿರಲಿ.

ಬೆಣ್ಣೆಗೆ ನಿತಿರ್ ಕಿಬ್ಬೆ ಅಂತಾರೆ. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಸಣ್ಣ ಉರಿಯಲ್ಲಿ ಕರಗಿಸಿ, ಹೆಚ್ಚಿದ ಈರುಳ್ಳಿ ಒಂದು ಸಣ್ಣದು, ಬೆಳ್ಳುಳ್ಳಿ ಎರಡು ಎಸಳು, ಶುಂಠಿ ಒಂದು ತುಂಡು, ಮೆಂತ್ಯ ಕಾಲು ಚಮಚ, ಅರಿಶಿನ ಚಿಟಿಕೆ ಹಾಕಿ. ಅವರ ಕೊರರಿಮಾ ಅನ್ನೋ ಏಲಕ್ಕಿ ನಿಮಗೆ ಸಿಗದಿದ್ರೆ ಕಪ್ಪು ಏಲಕ್ಕಿ ಒಂದು ಜಜ್ಜಿ ಹಾಕಬಹುದು, ಅಕ್ಕ ಒಪ್ಪಿದ್ದಾರೆ. ಕೊಸೆರೆತ್ ಅನ್ನೋ ಒಣ ಎಲೆಗೆ ಮಾತ್ರ ಬದಲಿ ಇಲ್ಲ, ಬಿಡಿ ಅಂದ್ರು. ತುಪ್ಪ ಕಾಯಿಸೋ ಹಾಗೇ ಚಟಪಟ ಸದ್ದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ. ಒಗ್ಗರಣೆಸೌಟು ಅವರ ಮಾತು ನೆನಪಿಟ್ಟು ಬಟ್ಟೆಯಲ್ಲಿ ಚೆನ್ನಾಗಿ ಸೋಸಿ, ಬೆಳ್ಳುಳ್ಳಿ ಚೂರೂ ಉಳಿಯದ ಹಾಗೆ ನೋಡ್ಕೊಂಡು ಫ್ರಿಜ್‌ನಲ್ಲಿಡಿ.

ಬೆರ್ಬೆರೆ ಸಿಗದಿದ್ರೆ ಬ್ಯಾಡಗಿ ಪುಡಿಗೆ ಹುರಿದ ಮೆಂತ್ಯ, ಕೊತ್ತಂಬರಿ, ಏಲಕ್ಕಿ, ಒಣ ಶುಂಠಿ ಸ್ವಲ್ಪ ಸ್ವಲ್ಪ ಸೇರಿಸಿ ಅದರ ಹತ್ತಿರ ತರಬಹುದು, ಬೆರ್ಬೆರೆ ಅಂತ ಮಾತ್ರ ಕರೀಬೇಡಿ. ಗುಂಡಿಗೆ ಎರಡು ಚಮಚ ಬಿಸಿ ಬೆಣ್ಣೆ ಹಾಕಿ ಅದರಲ್ಲೇ ಪುಡಿ ಕಲಸಿ, ಸುತ್ತ ಮೊಸರು ಬಡಿಸಿ. ಅಂಚಿಂದ ಒಂದೊಂದೇ ತುಂಡು ಮುರಿದು ಗುಂಡಿಯಲ್ಲಿ ಅದ್ದಿ ತಿನ್ನೋದು. ಒಂದೇ ತಟ್ಟೆ ಸುತ್ತ ಎಲ್ಲರೂ ಕೂತು ತಿನ್ನಬೇಕು, ಅದನ್ನೂ ಬರೀ ಅಂತ ಅಕ್ಕ ಹೇಳಿದ್ರು, ಬರೆದಿದೀನಿ. ಮಾಡಿದ ಮೇಲೆ ಫೋಟೋ ಹಾಕಿ, ಅವರಿಗೆ ತೋರಿಸ್ತೀನಿ.